ಒಡಂಬಡಿಕೆ ಆಯಿತು, ಫಲ ಎಣಿಸುವವರು ಯಾರು?

ಪ್ರಶ್ನೆ: ನಾವು ಹಾನಗಲ್ಲ ತಾಲ್ಲೂಕಿನ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯವರು. ಪ್ರೌಢಶಾಲೆಯ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಕಡಿಮೆ ಮಾಡಬೇಕೆಂದು ತಾಲ್ಲೂಕು ಪಂಚಾಯಿತಿ, ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳು, ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿ ಹಾಗೂ ನಾವು ಸೇರಿ ಒಡಂಬಡಿಕೆ ಮಾಡಿಕೊಂಡು ಒಂದು ವರ್ಷವಾಯಿತು. ಶಿಬಿರ, ಉಪನ್ಯಾಸ, ಮಾತ್ರೆ ವಿತರಣೆಯ ವರದಿಗಳನ್ನು ತಪ್ಪದೆ ಕಳಿಸುತ್ತಿದ್ದೇವೆ. ಈಗ ಕಂಪನಿಯವರು, ‘ಇಷ್ಟೆಲ್ಲ ಮಾಡಿದ್ದರಿಂದ ಆದದ್ದೇನು? ಮುಂದಿನ ವರ್ಷ ಫಲಿತಾಂಶ ನೋಡಿಯೇ ಹಣ’ ಎನ್ನುತ್ತಿದ್ದಾರೆ. ಮುತುವರ್ಜಿ ವಹಿಸಿ ಸಹಿ ಮಾಡಿದ್ದ ಅಧಿಕಾರಿಗೆ ವರ್ಗವಾಗಿದೆ. ಈ ಪಾಲುದಾರಿಕೆ ಉಳಿಯಬೇಕಾದರೆ ನಾವೇನು ಮಾಡಬೇಕು?

ಉತ್ತರ: ಕಂಪನಿಯವರ ಪ್ರಶ್ನೆಯಿಂದ ತಮಗೆ ಬೇಸರವಾಗಿರುವುದು ಪತ್ರದ ಧಾಟಿಯಲ್ಲೇ ತಿಳಿಯುತ್ತದೆ. ಆದರೆ ಪ್ರಶ್ನೆ ನ್ಯಾಯವಾದದ್ದು, ಒಂದು ವರ್ಷ ತಡವಾಗಿ ಬಂದಿದೆ ಅಷ್ಟೆ. ತಾವು ಪತ್ರದ ಜೊತೆ ಕಳಿಸಿದ ಒಡಂಬಡಿಕೆಯ ಪ್ರತಿಯನ್ನು ಎರಡು ಸಲ ಓದಿದೆ. ಅದರಲ್ಲಿ ಪ್ರತಿಯೊಬ್ಬ ಪಾಲುದಾರರ ಹೆಸರಿನ ಮುಂದೆ ‘ಸಹಕರಿಸುವುದು’, ‘ಬೆಂಬಲ ನೀಡುವುದು’, ‘ಅರಿವು ಮೂಡಿಸುವುದು’ ಎಂಬ ಕ್ರಿಯಾಪದಗಳಿವೆ. ಸೋಲಲಿಕ್ಕೆ ಆಸ್ಪದವೇ ಇಲ್ಲದ ಮಾತುಗಳಿವು. ಯಾರೂ ಸೋಲದ ಕಡೆ ಗೆದ್ದವರು ಯಾರು ಎನ್ನುವುದೂ ತಿಳಿಯುವುದಿಲ್ಲ. ಯಾವ ವಯಸ್ಸಿನ, ಯಾವ ಶಾಲೆಗಳ ಹೆಣ್ಣುಮಕ್ಕಳಲ್ಲಿ, ಯಾವ ತಿಂಗಳಿಂದ ಯಾವ ತಿಂಗಳಿಗೆ, ಹಿಮೋಗ್ಲೋಬಿನ್ ಎಷ್ಟರಿಂದ ಎಷ್ಟಕ್ಕೆ ಏರಬೇಕು ಎಂಬ ಒಂದೇ ಒಂದು ವಾಕ್ಯ ಆ ಎಂಟು ಪುಟಗಳಲ್ಲಿ ಎಲ್ಲಿಯೂ ಇಲ್ಲ.

ಮಾಡಿದ ಕೆಲಸಕ್ಕೂ ಆದ ಬದಲಾವಣೆಗೂ ಇರುವ ಅಂತರವನ್ನು ಹಾವೇರಿ ಜಿಲ್ಲೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ತಂದ ರೈತನನ್ನು ಖರೀದಿದಾರ ಎಷ್ಟು ಸಲ ಎಡೆ ಹೊಡೆದಿ, ಎಷ್ಟು ಸಲ ಔಷಧಿ ಸಿಂಪಡಿಸಿದಿ ಎಂದು ಕೇಳುವುದಿಲ್ಲ. ಕಾಯಿಯ ಬಣ್ಣ ನೋಡಿ, ಮುರಿದು, ಒಣಗಿದೆಯೇ ಎಂದು ಪರೀಕ್ಷಿಸಿ ಟೆಂಡರಿಗೆ ದರ ಬರೆಯುತ್ತಾನೆ, ಏಕೆಂದರೆ ಬಣ್ಣ ತೆಗೆಯುವ ಕಾರ್ಖಾನೆಗೆ ಬೇಕಾದದ್ದು ಆ ಕೆಂಪು. ಆದರೆ ಅದೇ ಮಾರುಕಟ್ಟೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಬೆಲೆ ಬಣ್ಣಕ್ಕಾದರೂ ಹಣ ಎಣಿಸುವುದು ತೂಕದ ಮೇಲೆ. ಆದ್ದರಿಂದ ತೂಕ ಬರಲೆಂದು ಕಾಯಿಗೆ ನೀರು ಚಿಮುಕಿಸುವವರೂ ಇರುತ್ತಾರೆ. ಅಳತೆ ಎಲ್ಲಿದೆಯೋ ಅಲ್ಲಿ ಅದನ್ನು ಮೋಸಗೊಳಿಸುವ ದಾರಿಯೂ ಇರುತ್ತದೆ. ಫಲಿತಾಂಶಕ್ಕೆ ಹಣ ಎನ್ನುವವರು ಈ ಎರಡನೆಯ ಪಾಠವನ್ನು ಬಹುಮಟ್ಟಿಗೆ ಮರೆಯುತ್ತಾರೆ.

ಇನ್ನು ನಮ್ಮ ಅವಳಿ ನಗರದ ನೀರಿನ ಕಥೆ. ಪಾಲುದಾರಿಕೆ, ಗುರಿ, ಅಳತೆ ಮೂರೂ ಒಂದೇ ಕಡೆ ಸಿಗುವ, ನಾವೇ ಕಣ್ಣಾರೆ ಕಂಡ ಉದಾಹರಣೆಯಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ವಿಶ್ವಬ್ಯಾಂಕಿನ ಸಾಲ, ರಾಜ್ಯ ಸರ್ಕಾರದ ನಿಗಮ, ಮಹಾನಗರ ಪಾಲಿಕೆ ಹಾಗೂ ಒಂದು ಖಾಸಗಿ ನಿರ್ವಹಣಾ ಕಂಪನಿ ಸೇರಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ವಾರ್ಡ್‌ಗಳಲ್ಲಿ ದಿನದ 24 ತಾಸು ನೀರು ಕೊಡುವ ಪ್ರಾಯೋಗಿಕ ಯೋಜನೆಯನ್ನು ಕೈಗೆತ್ತಿಕೊಂಡವು. ಮೂರೂ ನಗರಗಳಲ್ಲಿ ಜನಸಂಖ್ಯೆಯ ಸುಮಾರು ಹತ್ತನೇ ಒಂದು ಪಾಲು ಇದರ ವ್ಯಾಪ್ತಿಗೆ ಬಂತು. ಹಲವು ದಿನಗಳಿಗೊಮ್ಮೆ ನೀರು ಬಿಡುತ್ತಿದ್ದ ಊರಿನಲ್ಲಿ ಅರ್ಧರಾತ್ರಿ ಎದ್ದು ಕೊಡ, ಬ್ಯಾರಲ್ ತುಂಬಿಸುತ್ತಿದ್ದವರಿಗೆ ನಲ್ಲಿ ತಿರುವಿದಾಗಲೆಲ್ಲ ನೀರು ಬರುವುದು ಎಂಥ ಬದಲಾವಣೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ನಿರ್ವಾಹಕರ ಸಂಭಾವನೆಯ ಒಂದು ಪಾಲನ್ನು ಗುರಿ ಮುಟ್ಟಿದ್ದಕ್ಕೆ ಜೋಡಿಸಲಾಗಿತ್ತು, ನೀರೂ ಬಂತು. ಆ ಮಟ್ಟಿಗೆ ಯೋಜನೆ ಗೆದ್ದಿತು.

ಆದರೆ ನೀರು ಬರುವುದೇ ಅಂತಿಮ ಫಲವೇ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಸಂಶೋಧಕರು ಇಲ್ಲಿಗೆ ಬಂದು, ನಿರಂತರ ನೀರಿನ ವಾರ್ಡ್‌ಗಳನ್ನು ಅವುಗಳಿಗೆ ಹೋಲುವ ಹಳೆಯ ಪದ್ಧತಿಯ ವಾರ್ಡ್‌ಗಳ ಜೊತೆ ಜೋಡಿಸಿ, ಒಟ್ಟು 16 ವಾರ್ಡ್‌ಗಳ ನಾಲ್ಕು ಸಾವಿರದ ಹತ್ತಿರ ಮನೆಗಳನ್ನು ಅಧ್ಯಯನ ಮಾಡಿದರು. ನಿರಂತರ ಪೂರೈಕೆಯ ನಲ್ಲಿಯ ನೀರಿನಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಕಾಣಿಸಿದ್ದು ಬಹಳ ಅಪರೂಪ, ಇನ್ನೊಂದು ಕಡೆ ಅದು ಸಾಮಾನ್ಯ. ಹೀಗಿದ್ದೂ 2015ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಚಿಕ್ಕ ಮಕ್ಕಳ ಅತಿಸಾರದಲ್ಲಿ ಒಟ್ಟಾರೆಯಾಗಿ ಗಮನಾರ್ಹ ಇಳಿಕೆ ಕಾಣಲಿಲ್ಲ. ವಿಷಮಶೀತ ಜ್ವರ ಮಾತ್ರ ಕಡಿಮೆಯಿತ್ತು, ಬಡ ಮನೆಗಳಲ್ಲಿ ರಕ್ತಬೇಧಿಯೂ ಕಡಿಮೆಯಿತ್ತು. ನಲ್ಲಿಯಿಂದ ಮಗುವಿನ ಹೊಟ್ಟೆಯವರೆಗೆ ಇನ್ನೂ ಎಷ್ಟೋ ಮೆಟ್ಟಿಲುಗಳಿವೆ: 24 ತಾಸು ನೀರಿದ್ದರೂ ಕುಡಿಯುವ ನೀರನ್ನು ಕೊಡದಲ್ಲಿ ತುಂಬಿಡುವ ರೂಢಿ ಬಿಟ್ಟುಹೋಗಲಿಲ್ಲ, ಕೊಡಕ್ಕೆ ಕೈ ಅದ್ದಿ ತಂಬಿಗೆ ತುಂಬುವುದೂ ಬಿಟ್ಟುಹೋಗಲಿಲ್ಲ, ಚರಂಡಿ, ಶೌಚ, ಕೈ ತೊಳೆಯುವ ಸಾಬೂನು ಈ ಒಪ್ಪಂದದ ಹೊರಗಿದ್ದ ಸಂಗತಿಗಳು. ಯೋಜನೆ ವ್ಯರ್ಥವಾಯಿತೆಂದು ನಾನು ಖಂಡಿತ ಹೇಳುವುದಿಲ್ಲ. ಒಬ್ಬ ಪಾಲುದಾರನ ಕೈಯಲ್ಲಿ ಎಷ್ಟು ಮೆಟ್ಟಿಲುಗಳಿವೆಯೋ ಅಷ್ಟಕ್ಕೇ ಅವನನ್ನು ಹೊಣೆ ಮಾಡಬೇಕು, ಉಳಿದ ಮೆಟ್ಟಿಲುಗಳ ಒಡೆಯರು ಯಾರೆಂದು ಮೊದಲೇ ಹುಡುಕಿ ಅವರನ್ನೂ ಮೇಜಿನ ಮುಂದೆ ಕೂಡ್ರಿಸಬೇಕು ಎಂದು ಮಾತ್ರ ಹೇಳುತ್ತೇನೆ.

ತಮ್ಮ ಕೆಲಸದ ಮೆಟ್ಟಿಲುಗಳನ್ನು ಈಗ ನೋಡೋಣ. ಕಬ್ಬಿಣಾಂಶದ ನೀಲಿ ಮಾತ್ರೆ ತಾಲ್ಲೂಕಿನ ದಾಸ್ತಾನಿಗೆ ಬರಬೇಕು, ಅಲ್ಲಿಂದ ಶಾಲೆಗೆ ತಲುಪಬೇಕು, ಶಿಕ್ಷಕಿ ವಾರಕ್ಕೊಮ್ಮೆ ಹಂಚಬೇಕು, ಹುಡುಗಿ ಅದನ್ನು ನುಂಗಬೇಕು, ಆರು ತಿಂಗಳಿಗೊಮ್ಮೆ ಜಂತುಹುಳುವಿನ ಮಾತ್ರೆಯೂ ಆಗಬೇಕು, ಮನೆಯ ಊಟ ಅದಕ್ಕೆ ಜೊತೆ ಕೊಡಬೇಕು, ಆಮೇಲೆ ರಕ್ತದಲ್ಲಿ ಅದು ಕಾಣಬೇಕು. ತಮ್ಮ ವರದಿಗಳೆಲ್ಲ ಮೂರನೆಯ ಮೆಟ್ಟಿಲಲ್ಲೇ ನಿಂತಿವೆ. ಕೆಲವು ವರ್ಷಗಳ ಹಿಂದೆ ಇಂಥದೇ ಕಾರ್ಯಕ್ರಮದ ಪರಿಶೀಲನೆಗೆಂದು ನಾನು ಒಂದು ಪ್ರೌಢಶಾಲೆಗೆ ಹೋಗಿದ್ದೆ. ವಿತರಣಾ ವಹಿ ಮುತ್ತಿನಂಥ ಅಕ್ಷರದಲ್ಲಿ ತುಂಬಿತ್ತು, ಒಂದು ಖಾನೆಯೂ ಖಾಲಿ ಇರಲಿಲ್ಲ. ಮಧ್ಯಾಹ್ನ ಕೈ ತೊಳೆಯಲು ಶಾಲೆಯ ಹಿತ್ತಲಿಗೆ ಹೋದರೆ ಗೋಡೆಯ ಬುಡದ ಗಟಾರದಲ್ಲಿ ನೀಲಿ ಮಾತ್ರೆಗಳು ನೀರಿಗೆ ಬಣ್ಣ ಬಿಡುತ್ತ ಬಿದ್ದಿದ್ದವು. ಪಕ್ಕದಲ್ಲಿ ನಿಂತಿದ್ದ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ನನ್ನ ಮುಖ ನೋಡಿ ತಾನಾಗಿಯೇ ಹೇಳಿದಳು: “ಸರ, ನುಂಗಿದ್ರ ಹೊಟ್ಟಿ ತೊಳಸ್ತದ್ರಿ.” ವಿಚಾರಿಸಿದಾಗ ತಿಳಿದದ್ದು ಇಷ್ಟು: ಮೊದಲನೆಯ ತಾಸಿನಲ್ಲಿ ಹಾಜರಿ ಪೂರ್ತಿ ಇರುತ್ತದೆ ಎಂದು ಮಾತ್ರೆಯನ್ನು ಬೆಳಿಗ್ಗೆಯೇ ಹಂಚುತ್ತಿದ್ದರು, ದೂರದ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಹುಡುಗಿಯರ ಹೊಟ್ಟೆಯಲ್ಲಿ ಆ ಹೊತ್ತಿಗೆ ಒಂದು ಕಪ್ ಚಹಾ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಖಾಲಿ ಹೊಟ್ಟೆಗೆ ಕಬ್ಬಿಣದ ಮಾತ್ರೆ ಓಕರಿಕೆ ತರುತ್ತದೆ, ಚಹಾ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ಬಿಸಿಯೂಟದ ನಂತರ, ಶಿಕ್ಷಕಿಯ ಎದುರಿಗೇ ನುಂಗುವ ವ್ಯವಸ್ಥೆ ಮಾಡಲು ಒಂದು ಪೈಸೆಯೂ ಬೇಕಿರಲಿಲ್ಲ. ಹಾಜರಿ ವಹಿಯ ಅನುಕೂಲಕ್ಕೆ ಆರಿಸಿದ ವೇಳೆ ಕಾರ್ಯಕ್ರಮವನ್ನೇ ಗಟಾರಕ್ಕೆ ಹಾಕಿತ್ತು.

ಆದ್ದರಿಂದ ತಮ್ಮ ಹೊಸ ಒಡಂಬಡಿಕೆಯಲ್ಲಿ ಎರಡು ಅಳತೆಗಳು ಸಾಕು. ಮೊದಲನೆಯದು, ವಾರದ ಮಾತ್ರೆಯನ್ನು ಊಟದ ನಂತರ ಎದುರಿಗೇ ನುಂಗಿದ ಹೆಣ್ಣುಮಕ್ಕಳ ಸಂಖ್ಯೆ. ಇದು ಪ್ರತಿ ತಿಂಗಳೂ ತಿಳಿಯುತ್ತದೆ, ಕೆಟ್ಟರೆ ಕೂಡಲೇ ಸರಿಪಡಿಸಬಹುದು. ಎರಡನೆಯದು, ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್. ಈ ವಯಸ್ಸಿನ ಹುಡುಗಿಯರಲ್ಲಿ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 8ಕ್ಕಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ತೀವ್ರವಾಗಿರುವವರು ತಮ್ಮ ಅಂಕಿಅಂಶದ ಭಾಗವಾಗುವ ಮೊದಲು ರೋಗಿಗಳು. ಅವರನ್ನು ಆ ದಿನವೇ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಇಲ್ಲದೆ ಯಾರ ಬೆರಳಿಗೂ ಸೂಜಿ ಚುಚ್ಚಬೇಡಿರಿ.

ಅಳೆಯುವವರು ಯಾರು ಎಂಬುದು ಇಡೀ ಪಾಲುದಾರಿಕೆಯ ಗಂಟಲು. ಕೆಲಸ ಮಾಡಿದವರೇ ಅಳೆದರೆ ಕಂಪನಿ ನಂಬುವುದಿಲ್ಲ, ಕಂಪನಿಯೇ ಅಳೆಸಿದರೆ ಇಲಾಖೆ ನಂಬುವುದಿಲ್ಲ. ಹಾವೇರಿಯಲ್ಲೂ ಗದಗಿನಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿಯ ಸಮುದಾಯ ವೈದ್ಯಶಾಸ್ತ್ರ ವಿಭಾಗವನ್ನು ಮೂರನೆಯವರಾಗಿ ಒಳಗೆ ತನ್ನಿರಿ. ಎಲ್ಲ ಶಾಲೆಗಳಲ್ಲೂ ಒಂದೇ ಬಗೆಯ ಯಂತ್ರ ಬಳಸಲಿ, ಬೆರಳಿನ ಮೊದಲ ಹನಿಯನ್ನು ಒರೆಸಿ ಮುಂದಿನ ಹನಿ ತೆಗೆದುಕೊಳ್ಳಲಿ. ಬೆರಳನ್ನು ಜೋರಾಗಿ ಹಿಂಡಿದರೂ ಅಂಕಿ ಬದಲಾಗುತ್ತದೆ. ಎಂಟನೆಯ ತರಗತಿಯಲ್ಲಿ ಜುಲೈಗೆ ಅಳೆದ ಅದೇ ಹುಡುಗಿಯರನ್ನು ಒಂಬತ್ತನೆಯ ತರಗತಿಯ ಜುಲೈಗೆ ಅಳೆಯಿರಿ. ಜುಲೈಗೂ ಫೆಬ್ರುವರಿಗೂ ಹೋಲಿಸಿದರೆ ಸುಗ್ಗಿಯ ಕಾಲದ ಊಟವನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡಂತಾಗುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ ಮಾಡಿಕೊಂಡ ಒಪ್ಪಂದದಿಂದ ಶಾಲಾ ಮಕ್ಕಳಿಗೆ ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆ ಆರು ದಿನಕ್ಕೆ ಏರಿತು. ಹೀಗೆ ಊಟವೇ ಬದಲಾಗುವ ಕಾಲದಲ್ಲಿ ತಮ್ಮ ಶಾಲೆಗಳಲ್ಲಿ ಹಿಮೋಗ್ಲೋಬಿನ್ ಏರಿದರೆ ಅದು ತಮ್ಮ ಕೆಲಸದಿಂದಲೋ ಇನ್ನೊಂದರಿಂದಲೋ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಎಲ್ಲ ಶಾಲೆಗಳಲ್ಲೂ ಒಮ್ಮೆಲೇ ಶುರು ಮಾಡುವ ಶಕ್ತಿ ತಮಗೆ ಹೇಗೂ ಇಲ್ಲ. ಎಲ್ಲರೆದುರಿಗೆ ಚೀಟಿ ಎತ್ತಿ ಅರ್ಧ ಶಾಲೆಗಳಲ್ಲಿ ಈ ವರ್ಷ, ಉಳಿದವುಗಳಲ್ಲಿ ಮುಂದಿನ ವರ್ಷ ಆರಂಭಿಸಿರಿ, ಆದರೆ ಅಳತೆಯನ್ನು ಎಲ್ಲ ಶಾಲೆಗಳಲ್ಲೂ ಈ ವರ್ಷವೇ ಮಾಡಿಸಿರಿ. ಇಲಾಖೆಯ ವಾರದ ಮಾತ್ರೆ ಎಲ್ಲ ಕಡೆಯೂ ಎಂದಿನಂತೆ ನಡೆಯಲಿ. ತಮ್ಮ ಹೆಚ್ಚಿನ ಕೆಲಸ ಮಾತ್ರ ಸರದಿಯಲ್ಲಿ ಬರಲಿ. ಆಗ ಮೊಟ್ಟೆ ಎರಡೂ ಕಡೆ ಇರುತ್ತದೆ, ವ್ಯತ್ಯಾಸವೇನಾದರೂ ಕಂಡರೆ ಅದು ತಮ್ಮದು. ಚೀಟಿ ಎತ್ತಿದ್ದರಿಂದ, ನಮ್ಮ ಊರಿನ ಶಾಲೆಯನ್ನು ಏಕೆ ಬಿಟ್ಟಿರಿ ಎಂಬ ಜಗಳವೂ ಕಡಿಮೆಯಾಗುತ್ತದೆ.

ನೀರು ಚಿಮುಕಿಸಿದ ಮೆಣಸಿನಕಾಯಿಯನ್ನು ಇಲ್ಲಿ ಮರೆಯಬಾರದು. ಅಳತೆಯ ದಿನ ಶಾಲೆಗೆ ಬಂದವರನ್ನು ಮಾತ್ರ ಲೆಕ್ಕ ಹಿಡಿದರೆ ಸರಾಸರಿ ತಾನಾಗಿಯೇ ಏರುತ್ತದೆ, ಏಕೆಂದರೆ ಗೈರಾದವರಲ್ಲಿ, ಅಪ್ಪ-ಅವ್ವನ ಜೊತೆ ದುಡಿಯಲು ಗುಳೆ ಹೋದವರಲ್ಲಿ, ಶಾಲೆ ಬಿಟ್ಟವರಲ್ಲಿ ರಕ್ತ ಇನ್ನೂ ಕಡಿಮೆ ಇರುವ ಸಂಭವ ಹೆಚ್ಚು. ದಾಖಲಾತಿ ಪುಸ್ತಕದಲ್ಲಿ ಹೆಸರಿದ್ದ ಪ್ರತಿಯೊಬ್ಬ ಹುಡುಗಿಯೂ ಲೆಕ್ಕದೊಳಗೆ ಇರಬೇಕು. ಸಿಗದವಳ ಹೆಸರಿನ ಮುಂದೆ ‘ಸಿಗಲಿಲ್ಲ’ ಎಂದೇ ಬರೆಯಬೇಕು. ಶಾಲೆಗಳಿಗೆ ಒಂದನೇ ನಂಬರು, ಎರಡನೇ ನಂಬರು ಕೊಟ್ಟು ಪತ್ರಿಕೆಗೆ ಕಳಿಸುವ ಆಸೆಯನ್ನೂ ದಯವಿಟ್ಟು ಬಿಡಿರಿ. ಹುಡುಗಿಯರ ಅಂಕಿ ಅವರ ಮನೆಯವರಿಗೆ ಮತ್ತು ಆರೋಗ್ಯ ಸಿಬ್ಬಂದಿಗೆ ಮಾತ್ರ ತಿಳಿದರೆ ಸಾಕು. ‘ರಕ್ತ ಇಲ್ಲದಾಕಿ’ ಎಂಬ ಮಾತು ಊರಿನಲ್ಲಿ ಒಮ್ಮೆ ಹುಟ್ಟಿತೆಂದರೆ ಮದುವೆಯ ಮಾತುಕತೆಯವರೆಗೂ ಅದು ಬೆನ್ನು ಬಿಡುವುದಿಲ್ಲ.

ಹಣದ ವಿಷಯ. ಫಲಿತಾಂಶಕ್ಕೇ ಹಣ ಎಂಬ ಪದ್ಧತಿಗೆ ನಮ್ಮ ದೇಶದಲ್ಲಿ ಹೆಚ್ಚು ಚರ್ಚೆಯಾದ ಉದಾಹರಣೆ ರಾಜಸ್ಥಾನದ ಭಿಲ್ವಾಡಾ ಜಿಲ್ಲೆಯದು. 2015ರಿಂದ 2018ರವರೆಗೆ ಎಜುಕೇಟ್ ಗರ್ಲ್ಸ್ ಎಂಬ ಸಂಸ್ಥೆ ಶಾಲೆಯ ಹೊರಗಿದ್ದ ಹೆಣ್ಣುಮಕ್ಕಳನ್ನು ಸೇರಿಸುವ, ಮಕ್ಕಳ ಕಲಿಕೆ ಹೆಚ್ಚಿಸುವ ಹೊಣೆ ಹೊತ್ತಿತು. ಮುಂಗಡ ಹಣ ಹಾಕಿದ್ದು ಯುಬಿಎಸ್ ಆಪ್ಟಿಮಸ್ ಫೌಂಡೇಶನ್. ಗುರಿ ಮುಟ್ಟಿದರೆ ಅದನ್ನು ಲಾಭದೊಂದಿಗೆ ಮರಳಿಸುವುದಾಗಿ ಒಪ್ಪಿದ್ದು ಇನ್ನೊಂದು ದತ್ತಿಸಂಸ್ಥೆ. ಅಳೆದದ್ದು ಇವರಿಬ್ಬರಿಗೂ ಸೇರದ ಐಡಿಇನ್‌ಸೈಟ್ ಎಂಬ ಮೌಲ್ಯಮಾಪನ ಸಂಸ್ಥೆ. ಮೊದಲ ಎರಡು ವರ್ಷ ಕಲಿಕೆಯ ಅಂಕಿ ಗುರಿಗಿಂತ ಬಹಳ ಹಿಂದಿತ್ತು. ಅಂಕಿ ಕೈಗೆ ಬಂದದ್ದರಿಂದಲೇ ಸಂಸ್ಥೆಯವರು ಮಕ್ಕಳನ್ನು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿದರು, ಗೈರಾದವರ ಮನೆಗೇ ಹೋದರು, ಪಾಠದ ಕ್ರಮ ಬದಲಿಸಿದರು. ಕೊನೆಗೆ ಕಲಿಕೆಯ ಗುರಿಯ 160 ಪ್ರತಿಶತ, ದಾಖಲಾತಿ ಗುರಿಯ 116 ಪ್ರತಿಶತ ಸಾಧನೆಯಾಯಿತು. ಎಲ್ಲರೂ ಈ ಕೊನೆಯ ಅಂಕಿಗಳನ್ನೇ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಮೊದಲಿನ ಆ ಎರಡು ವರ್ಷ: ಫಲ ಕಾಣದಿದ್ದಾಗಲೂ ಕ್ಷೇತ್ರ ಸಿಬ್ಬಂದಿಯ ಸಂಬಳ ನಿಲ್ಲಲಿಲ್ಲ, ಏಕೆಂದರೆ ನಷ್ಟದ ಭಾರ ಹೊತ್ತದ್ದು ಹಣವಿದ್ದವರು.

ತಮ್ಮ ಕಂಪನಿ ಈಗ ಹೇಳುತ್ತಿರುವುದು ಇದರ ಉಲ್ಟಾ. ಮುಂಗಡವೂ ಇಲ್ಲ, ಫಲ ಬಂದರೆ ಮಾತ್ರ ಹಣ ಎಂದರೆ ತಮ್ಮಂಥ ಸಣ್ಣ ಸಂಸ್ಥೆ ಆರು ತಿಂಗಳಲ್ಲಿ ಬಾಗಿಲು ಹಾಕಬೇಕಾಗುತ್ತದೆ, ಅಥವಾ ಸುಲಭವಾಗಿ ಗುರಿ ಮುಟ್ಟುವ ಶಾಲೆಗಳನ್ನೇ ಆರಿಸಿಕೊಳ್ಳಬೇಕಾಗುತ್ತದೆ. ಸಂಬಳ, ಓಡಾಟ, ಅಳತೆಯ ಖರ್ಚು ಸೇರಿ ಮುಕ್ಕಾಲು ಪಾಲು ಹಣ ಕಂತಿನಂತೆ ಬರಲಿ, ಕಾಲು ಪಾಲು ಮಾತ್ರ ಫಲಿತಾಂಶಕ್ಕೆ ಜೋಡಣೆಯಾಗಲಿ ಎಂದು ಕೇಳಿರಿ. ‘ಮಾರ್ಚ್ 31ರೊಳಗೆ ಖರ್ಚಾಗಬೇಕು, ಜುಲೈ ಅಳತೆಗೆ ಕಾಯಲಾಗದು’ ಎಂದು ಅವರ ಲೆಕ್ಕಪತ್ರದವರು ಹೇಳುವುದು ಖಚಿತ. ಅದಕ್ಕೆ ಕಾನೂನಿನಲ್ಲೇ ದಾರಿಯಿದೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣಕ್ಕೆ ಸಂಬಂಧಿಸಿದ, 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಅಡಿಯಲ್ಲಿ ಆಡಳಿತ ಮಂಡಳಿ ಇದನ್ನು ‘ಮುಂದುವರಿಯುವ ಯೋಜನೆ’ ಎಂದು ಅಂಗೀಕರಿಸಿದರೆ, ಉಳಿದ ಹಣವನ್ನು ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ಹಣಕಾಸು ವರ್ಷಗಳಲ್ಲಿ ಖರ್ಚು ಮಾಡಬಹುದು. ಆ ಒಂದು ಠರಾವನ್ನು ಈಗಲೇ ಮಾಡಿಸಿಕೊಳ್ಳಿರಿ. ಪಂಚಾಯಿತಿಯ ಹಣವನ್ನೂ ಇದಕ್ಕೆ ಬೆರೆಸುವ ಮಾತು ಬಂದರೆ ಜಾಗ್ರತೆ: ಸರ್ಕಾರಿ ಹಣದಿಂದ ಸೇವೆ ಕೊಳ್ಳುವುದೆಂದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಅನ್ವಯವಾಗುತ್ತದೆ, ಟೆಂಡರಿನ ಪ್ರಶ್ನೆ ಏಳುತ್ತದೆ. ಪಂಚಾಯಿತಿ ತನ್ನ ಪಾಲನ್ನು ಜಾಗ, ಸಿಬ್ಬಂದಿ, ನೀರಿನ ವ್ಯವಸ್ಥೆಯ ರೂಪದಲ್ಲಿ ಕೊಡುವುದೇ ಸಲೀಸು.

ಇನ್ನು ವರ್ಗವಾದ ಅಧಿಕಾರಿ. ಅವರು ಒಳ್ಳೆಯವರಾಗಿದ್ದರು ಎಂದು ತಾವು ಮೂರು ಸಲ ಬರೆದಿದ್ದೀರಿ. ಒಬ್ಬ ವ್ಯಕ್ತಿಯ ಒಳ್ಳೆಯತನದ ಮೇಲೆ ಕಟ್ಟಿದ್ದೇ ಇಲ್ಲಿಯ ದೌರ್ಬಲ್ಯ. ಅಧಿಕಾರಿ ಹೋದರೂ ಹೋಗದವು ಕೆಲವಿವೆ. ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲ್ಲೂಕಿನ ಕೆಡಿಪಿ ಸಭೆಯ ಕಾರ್ಯಸೂಚಿ ಹೋಗುವುದಿಲ್ಲ: ತಮ್ಮ ಎರಡು ಅಂಕಿಗಳು ಆರೋಗ್ಯ ಇಲಾಖೆಯ ಪ್ರಗತಿ ತಖ್ತೆಯಲ್ಲಿ ಎರಡು ಕಾಲಂ ಆಗಿ ಸೇರಿದರೆ, ಮುಂದೆ ಬಂದವರು ಅವನ್ನು ತುಂಬಲೇಬೇಕು. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ಹೋಗುವುದಿಲ್ಲ: ಪ್ರತಿ ವರ್ಷ ಅಕ್ಟೋಬರ್‌ನಿಂದ ಅದರ ತಯಾರಿ ನಡೆಯುವಾಗ ‘ಆರೋಗ್ಯಕರ ಗ್ರಾಮ’ ಎಂಬ ವಿಷಯದಡಿ ಈ ಗುರಿಯನ್ನು ಗ್ರಾಮಸಭೆಯ ಠರಾವಿನೊಂದಿಗೆ ಸೇರಿಸಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು (ಪಿಡಿಒ) ಕೇಳಿರಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ ತಾಯಂದಿರು, ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಹೆಣ್ಣುಮಕ್ಕಳು, ಆಶಾ ಕಾರ್ಯಕರ್ತೆ ಇವರಾರಿಗೂ ಬೇರೆ ಜಿಲ್ಲೆಗೆ ವರ್ಗವಿಲ್ಲ. ಮಾತ್ರೆಯ ವಹಿ ಇವರಲ್ಲಿ ಒಬ್ಬರ ಕೈಯಲ್ಲಿರಲಿ. ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರೇ ಎದ್ದುನಿಂತು ‘ಮೂರು ವಾರದಿಂದ ಮಾತ್ರೆ ಬಂದಿಲ್ಲ’ ಎಂದರೆ ಅದು ನಡಾವಳಿಯಲ್ಲಿ ದಾಖಲಾಗುತ್ತದೆ; ತಮ್ಮ ಹತ್ತು ಜ್ಞಾಪನಾಪತ್ರಗಳಿಗಿಂತ ಅದಕ್ಕೆ ತೂಕ ಹೆಚ್ಚು.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿದಾಗ ಕಾನೂನು ಸರ್ಕಾರದ್ದು, ಹಿಂದಿನ ವರ್ಷವಷ್ಟೇ ಬಂದದ್ದು; ಆದರೆ ಸಂಘ ಊರಿನದು. ಯಾರು ಎಷ್ಟು ಸಾಲ ಪಡೆದರು, ಯಾರು ತೀರಿಸಿದರು ಎಂಬುದು ಊರಿನವರಿಗೆ ಗೊತ್ತಿದ್ದ ಲೆಕ್ಕ. ಸರ್ಕಾರದ ಕಾನೂನು ಮತ್ತು ಊರಿನ ವಹಿ ಒಂದಕ್ಕೊಂದು ಹೆಗಲು ಕೊಟ್ಟ ಆ ಏರ್ಪಾಡನ್ನು ಪಾಲುದಾರಿಕೆ ಎಂದು ಆಗ ಯಾರೂ ಕರೆಯಲಿಲ್ಲ, ಕರೆಯುವ ಅಗತ್ಯವೂ ಬೀಳಲಿಲ್ಲ.

ಹೊಸ ಒಡಂಬಡಿಕೆಗೆ ಇನ್ನೊಂದು ಪುಟ ಸೇರಿಸಿರಿ. ನುಂಗಿದವರ ಸಂಖ್ಯೆ ಸತತ ಎರಡು ತಿಂಗಳು ಇಳಿದರೆ ಹದಿನೈದು ದಿನಗಳೊಳಗೆ ಯಾರು ಯಾರನ್ನು ಕರೆದು ಕೂಡ್ರಿಸಬೇಕು, ದಾಸ್ತಾನು ಇಲ್ಲದ್ದು ಕಾರಣವಾದರೆ ತಾಲ್ಲೂಕು ಆರೋಗ್ಯಾಧಿಕಾರಿ ಏನು ಮಾಡಬೇಕು, ಹಂಚುವ ವೇಳೆ ಕಾರಣವಾದರೆ ಕ್ಷೇತ್ರ ಶಿಕ್ಷಣಾಧಿಕಾರಿ ಏನು ಮಾಡಬೇಕು, ಮನೆಯವರ ಹೆದರಿಕೆ ಕಾರಣವಾದರೆ ತಾವು ಏನು ಮಾಡಬೇಕು ಎಂಬುದನ್ನು ಹುದ್ದೆಯ ಹೆಸರಿನಿಂದಲೇ ಬರೆಯಿರಿ, ವ್ಯಕ್ತಿಯ ಹೆಸರಿನಿಂದ ಬೇಡ. ಕಂಪನಿಯ ಪ್ರತಿನಿಧಿಯೂ ಆ ಸಭೆಗೆ ಬರಲಿ. ಹಾರ-ಶಾಲಿನ ಸಮಾರಂಭಕ್ಕೆ ಬರುವುದಕ್ಕಿಂತ ಅಲ್ಲಿ ಅವರಿಗೆ ಹೆಚ್ಚು ತಿಳಿಯುತ್ತದೆ. ಹೊಸ ಅಧಿಕಾರಿಯನ್ನು ಮೊದಲ ಸಲ ಕಾಣಲು ಹೋಗುವಾಗ ಹಳೆಯ ವರದಿಗಳ ಕಟ್ಟು ಒಯ್ಯಬೇಡಿರಿ. ಯಾವುದಾದರೂ ಒಂದು ಶಾಲೆಯ ಒಂದು ತಿಂಗಳ ವಹಿಯನ್ನು, ಎಷ್ಟು ಜನ ನುಂಗಿದರು, ಎಷ್ಟು ಜನ ನುಂಗಲಿಲ್ಲ ಎಂದು ನಿಜ ಬರೆದದ್ದನ್ನು ಮುಂದಿಟ್ಟು, ಈ ತಿಂಗಳ ಕೆಡಿಪಿ ಸಭೆಯಲ್ಲಿ ಹತ್ತು ನಿಮಿಷ ಕೊಡಿ ಎಂದು ಕೇಳಿರಿ.